ಕೀಬೋರ್ಡಿನ ಗುಂಡಿಯ ಹಿಂದೆ ಒಂದು ಬಚ್ಚಲುಮನೆ

ಪ್ರಶ್ನೆ: ನಾನು ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನನ್ನ ಕ್ಯಾಸಿಯೊದ ರಿದಮ್ ಪಟ್ಟಿಯಲ್ಲಿ ವಾಲ್ಟ್ಜ್, ಸಾಂಬಾ, ರಾಕ್ ಜೊತೆಗೆ 'ಬೊಸಾ ನೋವಾ' ಅಂತ ಒಂದಿದೆ. ನಿಧಾನದ ಹಾಡು ಬಂದರೆ ಸುಮ್ನೆ ಅದನ್ನೇ ಹಾಕಿಬಿಡುತ್ತೇನೆ. ಇದನ್ನು ಕಂಡುಹಿಡಿದವರು ಅಮೆರಿಕದ ಜಾಜ್ ಕಲಾವಿದರು ಅಂತ ನಮ್ಮ ಡ್ರಮ್ಮರ್ ಹೇಳುತ್ತಾನೆ. ಅಲ್ಲ, ಬ್ರೆಜಿಲ್‌ನದ್ದು ಅಂತ ಇನ್ನೊಬ್ಬ. ಯಾವುದು ಸರಿ? ಬ್ರೆಜಿಲ್‌ನದ್ದೇ ಆದರೆ ಜಪಾನಿನ ಕೀಬೋರ್ಡಿನೊಳಗೆ ಅದು ಬಂದು ಕೂತದ್ದು ಹೇಗೆ?

ಉತ್ತರ: ಮೊದಲು ನಿಮ್ಮಿಬ್ಬರು ಗೆಳೆಯರ ಜಗಳ ಬಿಡಿಸಿಬಿಡೋಣ. ಬೊಸಾ ನೋವಾ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. 1958ರ ಹೊತ್ತಿಗೆ ಅದು ಪೂರ್ತಿ ತಯಾರಾಗಿತ್ತು. ಜಾಜ್‌ನವರು ಅದನ್ನು ಕಂಡುಹಿಡಿಯಲಿಲ್ಲ, ಹೊತ್ತು ತಿರುಗಿದರು. ಹೊತ್ತು ತಿರುಗುವುದೇನೂ ಸಣ್ಣ ಕೆಲಸ ಅಲ್ಲ. ಅವರಿಲ್ಲದಿದ್ದರೆ ನೀವು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಆದರೆ ಅಷ್ಟು ದೂರ ಹೊತ್ತು ಒಯ್ಯುವಾಗ ಒಂದಿಷ್ಟು ಚೆಲ್ಲಿತು, ಬೇರೆ ಏನೇನೋ ಬಂದು ಸೇರಿತು. ನಿಮ್ಮ ಕ್ಯಾಸಿಯೊದಲ್ಲಿರುವುದು ಹೀಗೆ ಚೆಲ್ಲಿ ಉಳಿದ ಪಾಲು.

ಹೆಸರಿನ ಬಗ್ಗೆ ಒಂದು ಮಾತು. 'ನೋವಾ' ಅಂದರೆ ನೋವಲ್ಲ! ಪೋರ್ಚುಗೀಸಿನಲ್ಲಿ ಹಾಗಂದರೆ ಹೊಸದು. 'ಬೊಸಾ' ರಿಯೊ ಡಿ ಜನೈರೊದ ಬೀದಿ ಮಾತು. ಕೈಚಳಕ, ಖದರು, ಕೆಲವರಿಗೆ ಹುಟ್ಟಿನಿಂದಲೇ ಬರುವ ಸ್ಟೈಲು ಅಂತಾರಲ್ಲ, ಅದು. ಬ್ರೆಜಿಲ್‌ನ ಕುಣಿತದ ಸಂಗೀತ ಸಾಂಬಾ, ಅದರ 1930ರ ದಶಕದ ಹಾಡಿನಲ್ಲೇ ಈ ಪದ ಸಿಗುತ್ತದೆ. ಚಾವಿ, ಇಸ್ತ್ರಿ, ಪಗಾರ, ಬಟಾಟೆ ಇವನ್ನೆಲ್ಲ ನಮಗೆ ಕೊಟ್ಟದ್ದು ಇದೇ ಪೋರ್ಚುಗೀಸ್ ಭಾಷೆ. ಹಾಗಾಗಿ ತೀರಾ ದೂರದ ನಂಟು ಅಂದುಕೊಳ್ಳಬೇಡಿ.

ಈಗ ಬಚ್ಚಲುಮನೆಗೆ ಬರೋಣ.

ಜುವಾಂವ್ ಜಿಲ್ಬೆರ್ಟೊ ಅಂತ ಒಬ್ಬ ಹುಡುಗ. ಹುಟ್ಟಿದ್ದು 1931ರಲ್ಲಿ, ಬಹಿಯಾ ಪ್ರಾಂತ್ಯದ ಜುವಾಜೆಯ್ರೊ ಎಂಬ ನದಿ ದಡದ ಊರಿನಲ್ಲಿ. ಹತ್ತೊಂಬತ್ತರ ಹರೆಯದಲ್ಲಿ ಹಾಡುಗಾರನಾಗಲು ರಿಯೊಗೆ ಬಂದ. ಒಂದು ಗಾಯನ ತಂಡ ಸೇರಿಕೊಂಡ. ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅಂತ ಅಲ್ಲಿಂದ ತೆಗೆದುಹಾಕಿದರು. ಕೈಯಲ್ಲಿ ಕಾಸಿಲ್ಲ, ಇರಲು ಸ್ವಂತ ಕೋಣೆ ಇಲ್ಲ. 1955ರಲ್ಲಿ ರಿಯೊ ಬಿಟ್ಟ. ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಬೆಟ್ಟದ ಊರು ಡಿಯಮಾಂಟಿನಾದಲ್ಲಿ ಅಕ್ಕನ ಮನೆ ಸೇರಿದ. ಅಲ್ಲಿ ತಿಂಗಳುಗಟ್ಟಲೆ ಗಿಟಾರ್ ಹಿಡಿದು ಬಚ್ಚಲುಮನೆಯಲ್ಲಿ ಕೂರುತ್ತಿದ್ದ. ಗೋಡೆಯ ಟೈಲ್ಸ್‌ಗೆ ಬಡಿದು ದನಿ ವಾಪಸು ಬರುತ್ತದಲ್ಲ, ಆಗ ತನ್ನ ತಪ್ಪೂ ಸರಿಯೂ ತನಗೇ ಕೇಳುತ್ತದೆ. ಜೋರಾಗಿ ಹಾಡುವ ಅಗತ್ಯವೇ ಇಲ್ಲ ಅಂತ ಅವನಿಗೆ ಹೊಳೆದದ್ದು ಅಲ್ಲಿ. ಆ ಕಾಲದ ಬ್ರೆಜಿಲ್ ಗಾಯಕರು ಎದೆ ತುಂಬಿ, ದನಿ ನಡುಗಿಸಿ ಹಾಡುತ್ತಿದ್ದರು. ಜುವಾಂವ್ ಪಕ್ಕದಲ್ಲಿ ಕೂತವರ ಕಿವಿಯಲ್ಲಿ ಹೇಳಿದ ಹಾಗೆ ಹಾಡತೊಡಗಿದ. ನಡುಕ ಇಲ್ಲ, ಎಳೆತ ಇಲ್ಲ.

ಆದರೆ ನಿಜವಾದ ಕರಾಮತ್ತು ಇದ್ದದ್ದು ಬಲಗೈಯಲ್ಲಿ. ನೀವು ವಾದ್ಯ ನುಡಿಸುವವರು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಂಬಾ ತಂಡದಲ್ಲಿ ಸುರ್ಡೊ ಅಂತ ಒಂದು ದೊಡ್ಡ ಡೋಲು ಇರುತ್ತದೆ. ಎರಡು ಪೆಟ್ಟಿನ ತಾಳ, ಅದರಲ್ಲಿ ಎರಡನೆಯ ಪೆಟ್ಟಿಗೆ ತೂಕ ಜಾಸ್ತಿ. ಟಂಬೊರಿಂ ಅಂತ ಇನ್ನೊಂದು, ಅಂಗೈಯಗಲದ ಪುಟ್ಟ ವಾದ್ಯ. ಅದನ್ನು ಕಡ್ಡಿಯಿಂದ ಹೊಡೆಯುತ್ತಾರೆ. ತಾಳದ ಮೇಲೆ ಬೀಳದೆ ಸಂದುಗಳಲ್ಲಿ ಬೀಳುವ ಪೆಟ್ಟುಗಳು ಅದರವು. ಇಂಥ ಡೋಲುಗಳು ಹತ್ತಾರು, ನೂರಾರು ಸೇರಿದರೆ ಸಾಂಬಾ ಮೆರವಣಿಗೆ. ಜುವಾಂವ್ ಆ ಇಡೀ ಮೆರವಣಿಗೆಯನ್ನು ಐದಾರು ತಂತಿಗೆ ಇಳಿಸಿದ. ಹೆಬ್ಬೆರಳು ಸುರ್ಡೊ ಆಯಿತು, ಕೆಳದನಿಯ ತಂತಿಯ ಮೇಲೆ ಒಂದೇ ಸಮನೆ ನಡೆಯುತ್ತದೆ. ಉಳಿದ ಮೂರು ಬೆರಳು ಟಂಬೊರಿಂ ಆದವು. ಮೂರೂ ಒಟ್ಟಿಗೆ ತಂತಿ ಮೀಟುತ್ತವೆ, ಆದರೆ ಹೆಬ್ಬೆರಳಿಗೆ ಸಿಗದ ಹಾಗೆ, ಒಮ್ಮೆ ಮುಂಚೆ, ಒಮ್ಮೆ ತಡವಾಗಿ.

ನಾನು ಗಿಟಾರ್ ಕಲಿಸುವಾಗ ಹುಡುಗರು ಎಡವುವುದು ಇಲ್ಲೇ. ಬೆರಳುಗಳು ಸಂದಿನಲ್ಲಿ ಬಿದ್ದ ತಕ್ಷಣ ಹೆಬ್ಬೆರಳೂ ಅದರ ಹಿಂದೆ ಓಡಿಹೋಗುತ್ತದೆ. ಹೆಬ್ಬೆರಳನ್ನು ನಡೆದಾಡುವ ಕಾಲಿನಂತೆ ಇಟ್ಟುಕೋ ಅಂತ ಹೇಳುತ್ತೇನೆ. ಮಾತು ಎಲ್ಲಿಗೇ ಹೋಗಲಿ, ಕಾಲು ನಡೆಯುತ್ತಲೇ ಇರಬೇಕು. ಇದರ ಮೇಲೆ ಹಾಡು ಬೇರೆ. ಜುವಾಂವ್‌ನ ಸಾಲು ಗಿಟಾರಿಗಿಂತ ಮುಂಚೆ ಹೊರಡುತ್ತದೆ, ಇಲ್ಲವೇ ಬೇಕಂತಲೇ ಹಿಂದೆ ಉಳಿದು ಕೊನೆಗೆ ಬಂದು ಸೇರಿಕೊಳ್ಳುತ್ತದೆ. ನಮ್ಮಲ್ಲಿ ಅತೀತ, ಅನಾಗತ ಎಡುಪು, ಅಂದರೆ ತಾಳಕ್ಕಿಂತ ಮುಂಚೆ ಇಲ್ಲವೇ ಆಮೇಲೆ ಹಾಡು ಎತ್ತಿಕೊಳ್ಳುವುದನ್ನು ಕಲಿತವರಿಗೆ ಇದರ ಮಜಾ ಬೇಗ ಹಿಡಿಸುತ್ತದೆ. ತಾಳ ಕೈಯಲ್ಲಿ ಭದ್ರವಾಗಿದ್ದರೆ ತಾನೇ ಹಾಡು ಆಟವಾಡಬಹುದು?

1957ರಲ್ಲಿ ಜುವಾಂವ್ ರಿಯೊಗೆ ಮರಳಿದ. ಅಲ್ಲಿ ಇನ್ನೊಬ್ಬ ಕಾಯುತ್ತಿದ್ದ ಅನ್ನಬೇಕು. ಆಂಟೊನಿಯೊ ಕಾರ್ಲೋಸ್ ಜೋಬಿಂ. ಎಲ್ಲರೂ ಕರೆಯುತ್ತಿದ್ದದ್ದು ಟಾಮ್ ಅಂತ. ಪಿಯಾನೊ ಕಲಿತವನು, ಯುರೋಪಿನ ಸಂಗೀತಗಾರರಾದ ಶೋಪಾನ್, ಡೆಬ್ಯುಸಿ, ತನ್ನ ನಾಡಿನ ವಿಲ್ಲಾ ಲೋಬೋಸ್ ಅವರ ಸಂಗೀತ ಕುಡಿದು ಬೆಳೆದವನು. ಅವನ ಜೊತೆಗಾರ ವಿನೀಸಿಯಸ್ ಡಿ ಮೊರೈಸ್, ಕವಿ ಮತ್ತು ವಿದೇಶಾಂಗ ಇಲಾಖೆಯ ಅಧಿಕಾರಿ. ಹಗಲು ರಾಯಭಾರ, ರಾತ್ರಿ ಹಾಡು. 1956ರಲ್ಲಿ ವಿನೀಸಿಯಸ್ ಬರೆದ ಒಂದು ನಾಟಕಕ್ಕೆ ಜೋಬಿಂ ಸಂಗೀತ ಮಾಡಿದ್ದ. ಗ್ರೀಕ್ ಪುರಾಣದ ಓರ್ಫಿಯಸ್‌ನ ಕಥೆಯನ್ನು ರಿಯೊದ ಗುಡ್ಡದ ಕೇರಿಗೆ ತಂದಿಟ್ಟ ನಾಟಕ ಅದು. ಅದರಿಂದ ಹುಟ್ಟಿದ ಫ್ರೆಂಚ್ ಸಿನಿಮಾ 'ಬ್ಲ್ಯಾಕ್ ಓರ್ಫಿಯಸ್' 1959ರಲ್ಲಿ ಕಾನ್ ಉತ್ಸವದ ಮೊದಲ ಬಹುಮಾನ ಗೆದ್ದಿತು, ಆಮೇಲೆ ಆಸ್ಕರ್ ಕೂಡ. ಹೊರಗಿನ ಜನ ಈ ರಾಗಗಳನ್ನು ಮೊದಲು ಕೇಳಿದ್ದು ಆ ಸಿನಿಮಾದಲ್ಲಿ. ಅದರಲ್ಲಿನ ಲೂಯಿಜ್ ಬೊನ್‌ಫಾನ ಒಂದು ಹಾಡನ್ನು ಜಾಜ್‌ನವರು ಇವತ್ತಿಗೂ ಬಿಟ್ಟಿಲ್ಲ.

1958ರ ಜುಲೈ 10ರಂದು ಜುವಾಂವ್ 'ಶೇಗಾ ಡಿ ಸೌದಾಜಿ' ರೆಕಾರ್ಡ್ ಮಾಡಿದ. ಹಾಡು ಜೋಬಿಂ ಮತ್ತು ವಿನೀಸಿಯಸ್‌ರದ್ದು. ಹೆಸರಿನ ಅರ್ಥ 'ಈ ಹಂಬಲ ಸಾಕು' ಅಂತ ಹೇಳಬಹುದು. ಬ್ರೆಜಿಲ್ ಸ್ವೀಡನ್‌ನಲ್ಲಿ ತನ್ನ ಮೊದಲ ಫುಟ್‌ಬಾಲ್ ವಿಶ್ವಕಪ್ ಗೆದ್ದು ಎರಡು ವಾರವೂ ಆಗಿರಲಿಲ್ಲ. ಒಳನಾಡಿನಲ್ಲಿ ಬ್ರೆಸಿಲಿಯಾ ಎಂಬ ಹೊಸ ರಾಜಧಾನಿ ಏಳುತ್ತಿತ್ತು. ಎಲ್ಲೆಲ್ಲೂ ಹೊಸದರ ಹುರುಪು. ಸ್ಟುಡಿಯೊದಲ್ಲಿ ಜುವಾಂವ್ ಎರಡು ಮೈಕ್ ಕೇಳಿದ, ದನಿಗೊಂದು, ಗಿಟಾರಿಗೊಂದು. ಆಗ ಅಂಥದ್ದನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಅವನ ಪಾಲಿಗೆ ಗಿಟಾರ್ ಹಿಮ್ಮೇಳ ಅಲ್ಲವಲ್ಲ, ಅದೂ ಒಂದು ದನಿಯೇ. ಹಾಡಿನ ಉದ್ದ ಸುಮಾರು ಎರಡು ನಿಮಿಷ. ಮರುವರ್ಷ ಅದೇ ಹೆಸರಿನ ಆಲ್ಬಮ್ ಬಂತು. ಹನ್ನೆರಡು ಹಾಡು, ಒಟ್ಟು 25 ನಿಮಿಷವೂ ಇಲ್ಲ. ಒಂದು ತಲೆಮಾರಿನ ಬ್ರೆಜಿಲ್ ಹುಡುಗರು ಗಿಟಾರ್ ಹಿಡಿದದ್ದು ಆ 25 ನಿಮಿಷದ ದೆಸೆಯಿಂದ.

ಹಾಗಾದರೆ ಜಾಜ್ ಎಲ್ಲಿ ಬಂತು? ಇಲ್ಲಿ ನಿಮ್ಮ ಡ್ರಮ್ಮರ್ ಗೆಳೆಯನಿಗೂ ಒಂದಿಷ್ಟು ಅಂಕ ಕೊಡಲೇಬೇಕು. ರಿಯೊದ ಕೋಪಕಬಾನಾ ಕಡಲತೀರದ ಹುಡುಗರು ಅಮೆರಿಕದ ರೆಕಾರ್ಡುಗಳನ್ನು ಹುಡುಕಿ ಹುಡುಕಿ ಕೇಳುತ್ತಿದ್ದರು. ಜಾಜ್ ಗಾಯಕ ಚೆಟ್ ಬೇಕರ್‌ನ ಮೆಲುದನಿ ಅವರಿಗೆ ಗೊತ್ತಿತ್ತು. ಜೂಲಿ ಲಂಡನ್ ಹಾಡಿದ ಒಂದು ರೆಕಾರ್ಡಿನಲ್ಲಿ ಬಾರ್ನಿ ಕೆಸೆಲ್ ನುಡಿಸಿದ ಗಿಟಾರನ್ನು ಅವರು ಪಾಠದಂತೆ ಕಲಿತರು. ಜಾನಿ ಆಲ್ಫ್ ಎಂಬ ಪಿಯಾನೊ ವಾದಕ ಪ್ಲಾಜಾ ಹೋಟೆಲಿನ ಬಾರಿನಲ್ಲಿ ಸಾಂಬಾಗೆ ಜಾಜ್ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು) ಕೂಡಿಸಿ ನುಡಿಸುತ್ತಿದ್ದ. ಜೋಬಿಂ ಸಮೇತ ಎಲ್ಲರೂ ಹೋಗಿ ಕೇಳುತ್ತಿದ್ದರು. ಜಾನಿ ಆಲ್ಫ್‌ಗೆ ಸಲ್ಲಬೇಕಾದಷ್ಟು ಹೆಸರು ಸಲ್ಲಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಕಡೆ, ಇದೆಲ್ಲ ಅಮೆರಿಕದ ನಕಲು ಅಂತ ಬೈಯುವ ವಿಮರ್ಶಕರೂ ಬ್ರೆಜಿಲ್‌ನಲ್ಲಿ ಇದ್ದರು. ಬೊಸಾ ನೋವಾ ಹಾಡುಗಾರರಲ್ಲೇ ಒಬ್ಬನಾದ ಕಾರ್ಲೋಸ್ ಲೀರಾ ಅಂತೂ ಜಾಜ್‌ನ ಪ್ರಭಾವದಿಂದ ಬಡಪಾಯಿ ಸಾಂಬಾ ಕೆಟ್ಟಿತು ಅಂತ ಒಂದು ಹಾಡೇ ಕಟ್ಟಿದ. ತಮಾಷೆ ಅಂದರೆ ಆ ಹಾಡಿನಲ್ಲೂ ಜಾಜ್ ಕಾರ್ಡುಗಳೇ.

ನಾನು ಹೀಗೆ ನೋಡುತ್ತೇನೆ. ನಡಿಗೆ ಸಾಂಬಾದ್ದು. ಕಾರ್ಡುಗಳಲ್ಲಿ ಜಾಜ್ ಇದೆ, ಆದರೆ ಡೆಬ್ಯುಸಿ, ಶೋಪಾನ್ ಕೂಡ ಅಷ್ಟೇ ಇದ್ದಾರೆ. ನಿಮ್ಮ ಕೀಬೋರ್ಡಿನಲ್ಲೇ ಪರೀಕ್ಷೆ ಮಾಡಿ ನೋಡಿ. ಜೋಬಿಂ ಮತ್ತು ನ್ಯೂಟನ್ ಮೆಂಡೋನ್ಸಾ ಸೇರಿ ಕಟ್ಟಿದ 'ಒಂದೇ ಸ್ವರದ ಸಾಂಬಾ' ಅಂತ ಒಂದಿದೆ. ಬಲಗೈಯಲ್ಲಿ ಎಫ್ ಒಂದನ್ನೇ ಒತ್ತುತ್ತಾ ಇರಿ, ಬೇರೆ ಸ್ವರ ಬೇಡ. ಎಡಗೈಯಲ್ಲಿ ಡಿ ಮೈನರ್ ಸೆವೆನ್ ಹಿಡಿಯಿರಿ. ಅಲ್ಲಿಂದ ಅರ್ಧರ್ಧ ಮೆಟ್ಟಿಲು ಇಳಿಯಿರಿ: ಡಿ ಫ್ಲ್ಯಾಟ್ ಸೆವೆನ್, ಸಿ ಮೈನರ್ ಸೆವೆನ್, ಬಿ ಸೆವೆನ್ ಫ್ಲ್ಯಾಟ್ ಫೈವ್. ಬಲಗೈ ಕದಲಿಲ್ಲ. ಆದರೂ ಆ ಎಫ್ ಪ್ರತಿ ಸಲ ಬೇರೆ ಸ್ವರದ ಹಾಗೆ ಕೇಳುತ್ತದೆ. ಒಮ್ಮೆ ಮೆದು, ಒಮ್ಮೆ ಬೆಚ್ಚಗೆ, ಒಮ್ಮೆ ನೇತಾಡುವ ಹಾಗೆ, ಕೊನೆಗೆ ಸ್ವಲ್ಪ ಹುಳಿ. ಷಡ್ಜವನ್ನು ಅಲ್ಲಾಡದ ಕಂಬ ಮಾಡಿಕೊಂಡು ಬೆಳೆದ ನಮ್ಮ ಕಿವಿಗೆ ಇದು ವಿಚಿತ್ರ ಅನುಭವ. ಕಂಬ ನಿಂತೇ ಇದೆ, ನೆಲ ಸರಿಯುತ್ತಿದೆ! ಮೆಂಡೋನ್ಸಾ 1960ರಲ್ಲಿ 33ನೇ ವಯಸ್ಸಿಗೇ ತೀರಿಕೊಂಡ. ತನ್ನ ಹಾಡುಗಳು ಊರಾಚೆ ಹೋದದ್ದನ್ನು ಅವನು ನೋಡಲೇ ಇಲ್ಲ.

ಇನ್ನು ಹೊತ್ತು ಒಯ್ದವರ ಕಥೆ. ಶೀತಲ ಸಮರದ ಕಾಲ ಅದು. ರಷ್ಯನ್ನರು ಬ್ಯಾಲೆ ಕಳಿಸಿದರೆ ಅಮೆರಿಕದ ವಿದೇಶಾಂಗ ಇಲಾಖೆ ಜಾಜ್ ಕಳಿಸುತ್ತಿತ್ತು. 1956ರಲ್ಲಿ ಟ್ರಂಪೆಟ್ ವಾದಕ ಡಿಜಿ ಗಿಲೆಸ್ಪಿ ಹೀಗೆ ಬ್ರೆಜಿಲ್‌ಗೆ ಹೋಗಿ ಬಂದ. 1961ರ ಜುಲೈನಲ್ಲಿ ರಿಯೊ ಮತ್ತು ಸಾವೊ ಪಾಲೊದಲ್ಲಿ ಅಮೆರಿಕನ್ ಜಾಜ್ ಉತ್ಸವ ನಡೆಯಿತು. ಅದಕ್ಕೆ ಹೋದವರಲ್ಲಿ ಕೊಳಲಿನ ಹರ್ಬಿ ಮ್ಯಾನ್, ಟ್ರಂಪೆಟ್‌ನ ಕೆನ್ನಿ ಡೋರಮ್ ಇದ್ದರು. ಡೋರಮ್ ಎರಡು ವರ್ಷದ ನಂತರ 'ಬ್ಲೂ ಬೊಸಾ' ಕೊಟ್ಟ. ಜಗತ್ತಿನ ಯಾವ ಊರಿನಲ್ಲೇ ಜಾಜ್ ಕಲಿಯಿರಿ, ಮೊದಲ ಪಾಠಗಳಲ್ಲಿ ಅದು ಬಂದೇ ಬರುತ್ತದೆ. ಹರ್ಬಿ ಮ್ಯಾನ್ 1962ರಲ್ಲಿ ಮತ್ತೆ ರಿಯೊಗೆ ಹೋಗಿ ಅಲ್ಲಿನವರ ಜೊತೆ ಅಲ್ಲಿಯೇ ರೆಕಾರ್ಡ್ ಮಾಡಿದ. ಜೋಬಿಂ, ಗಿಟಾರ್ ವಾದಕ ಬೇಡನ್ ಪವೆಲ್, ಇನ್ನೂ ಚಿಕ್ಕ ಹುಡುಗನಾಗಿದ್ದ ಸೆರ್ಜಿಯೊ ಮೆಂಡೆಸ್, ಎಲ್ಲ ಅದರಲ್ಲಿದ್ದಾರೆ.

ಆದರೆ ಬಾಗಿಲು ಒದ್ದು ತೆರೆದವನು ಚಾರ್ಲಿ ಬರ್ಡ್. ವಾಷಿಂಗ್ಟನ್‌ನಲ್ಲಿ ನುಡಿಸುತ್ತಿದ್ದ ಗಿಟಾರ್ ವಾದಕ. ಅವನೇ ಯಾಕೆ ಅಂದರೆ, ಅದಕ್ಕೊಂದು ಕಾರಣ ಇದೆ. ಆ ಕಾಲದ ಜಾಜ್ ಗಿಟಾರಿಸ್ಟುಗಳು ಸ್ಟೀಲ್ ತಂತಿಯ ಎಲೆಕ್ಟ್ರಿಕ್ ಗಿಟಾರನ್ನು ಪ್ಲೆಕ್ಟ್ರಂ ಎಂಬ ಚಪ್ಪಟೆ ಚೂರಿನಿಂದ ನುಡಿಸುತ್ತಿದ್ದರು. ಬರ್ಡ್ 1954ರಲ್ಲಿ ಇಟಲಿಗೆ ಹೋಗಿ ಸ್ಪೇನಿನ ಮಹಾ ಗಿಟಾರ್ ಗುರು ಸೆಗೋವಿಯಾ ಬಳಿ ಕಲಿತು ಬಂದಿದ್ದ. ನೈಲಾನ್ ತಂತಿ, ಬರಿ ಬೆರಳು. 1961ರಲ್ಲಿ ಸರ್ಕಾರದ ಪ್ರವಾಸದ ಮೇಲೆ ಬ್ರೆಜಿಲ್ ಮುಟ್ಟಿ ಜುವಾಂವ್‌ನ ರೆಕಾರ್ಡ್ ಕೇಳಿದಾಗ ಅವನಿಗೆ ಅದು ಬರಿ ಕಿವಿಗೆ ಬಿದ್ದ ಸಂಗೀತವಾಗಿರಲಿಲ್ಲ, ಕೈಗೆ ಸಿಗುವ ಸಂಗೀತವಾಗಿತ್ತು. ಅವನ ತಂಡದ ಬಾಸ್ ವಾದಕ ಕೀಟರ್ ಬೆಟ್ಸ್, ಡ್ರಮ್ಮರ್ ಬಡಿ ಡೆಪನ್‌ಷ್ಮಿಟ್ ಅಲ್ಲಿನ ವಾದಕರ ಜೊತೆ ಕೂತು ನಡಿಗೆ ಕಲಿತುಕೊಂಡರು. ಡ್ರಮ್ಮರ್ ಪಾತ್ರ ಇಲ್ಲಿ ದೊಡ್ಡದು, ನಿಮ್ಮ ಗೆಳೆಯನಿಗೆ ಹೇಳಿ, ಖುಷಿಯಾಗುತ್ತಾನೆ.

ಬರ್ಡ್ ಊರಿಗೆ ಬಂದು ಆ ರೆಕಾರ್ಡುಗಳನ್ನು ಸ್ಟ್ಯಾನ್ ಗೆಟ್ಜ್‌ಗೆ ಕೇಳಿಸಿದ. ಗೆಟ್ಜ್ ಟೆನರ್ ಸ್ಯಾಕ್ಸೊಫೋನ್ ವಾದಕ. ಕೆಲವು ವರ್ಷ ಯುರೋಪಿನಲ್ಲಿದ್ದು ಆಗಷ್ಟೇ ಮರಳಿದ್ದ. ಅವನ ಸ್ಯಾಕ್ಸ್‌ನಲ್ಲಿ ಲೋಹಕ್ಕಿಂತ ಉಸಿರು ಜಾಸ್ತಿ ಕೇಳಿಸುತ್ತದೆ. ಜುವಾಂವ್‌ನ ಗಂಟಲಿಗೆ ಅದಕ್ಕಿಂತ ಹತ್ತಿರದ ವಾದ್ಯ ಇರಲಿಲ್ಲ. 1962ರ ಫೆಬ್ರವರಿ 13ರಂದು ವಾಷಿಂಗ್ಟನ್‌ನ ಆಲ್ ಸೋಲ್ಸ್ ಚರ್ಚಿನ ಸಭಾಂಗಣದಲ್ಲಿ ಸೇರಿದರು. ವರ್ವ್ ರೆಕಾರ್ಡ್ ಕಂಪನಿಯ ನಿರ್ಮಾಪಕ ಕ್ರೀಡ್ ಟೇಲರ್ ಬಂದಿದ್ದ. ಮೂರು ತಾಸಿನ ಆಸುಪಾಸು ಕೆಲಸ ಮುಗಿಯಿತು. ಆ ಆಲ್ಬಮ್ ಹೆಸರು 'ಜಾಜ್ ಸಾಂಬಾ'. ಅದರಲ್ಲಿದ್ದ 'ಡೆಸಫಿನಾಡೊ' ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 15ನೇ ಸ್ಥಾನಕ್ಕೆ ಏರಿತು. ಆಲ್ಬಮ್ 1963ರಲ್ಲಿ ಪಟ್ಟಿಯ ತುತ್ತತುದಿಗೆ ಹೋಯಿತು. ಹಾಡಿನ ಮಾತಿಲ್ಲದ ವಾದ್ಯಸಂಗೀತಕ್ಕೆ ಇದು ಸಾಮಾನ್ಯ ಸಂಗತಿ ಅಲ್ಲ.

'ಡೆಸಫಿನಾಡೊ' ಅಂದರೆ ಶ್ರುತಿ ತಪ್ಪಿದವನು. ಅದೂ ಜೋಬಿಂ, ಮೆಂಡೋನ್ಸಾ ಜೋಡಿಯದ್ದೇ. ನನ್ನದು ಅಪಸ್ವರ ಅಂತೀಯಲ್ಲ, ಇದೇ ಬೊಸಾ ನೋವಾ, ಅಂತ ಪ್ರೇಮಿ ತನ್ನ ಹುಡುಗಿಗೆ ಹೇಳುವ ಹಾಡು. ರಾಗದಲ್ಲಿ ಬೇಕಂತಲೇ ಕಿವಿ ಕುಟುಕುವ ಸ್ವರಗಳಿವೆ. ಪದಗಳು ಆ ಸ್ವರಗಳ ಜೊತೆ ಆಟ ಆಡುತ್ತವೆ. ಅಮೆರಿಕನ್ನರಿಗೆ ಕೇಳಿಸಿದ್ದು ಪದವಿಲ್ಲದ ರಾಗ ಮಾತ್ರ. ಜೋಕ್ ಅಲ್ಲೇ ಉಳಿಯಿತು. ಇನ್ನೊಂದು ವ್ಯತ್ಯಾಸ ನೀವು ಕಿವಿಗೊಟ್ಟರೆ ಸಿಗುತ್ತದೆ. ವಾಷಿಂಗ್ಟನ್ ರೆಕಾರ್ಡಿನಲ್ಲಿ ಇಬ್ಬರು ಡ್ರಮ್ಮರುಗಳು. ಜುವಾಂವ್‌ನ ರೆಕಾರ್ಡಿನಲ್ಲಿ ಡ್ರಮ್ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಗೆಟ್ಜ್‌ನ ಸ್ಯಾಕ್ಸ್ ಕೇಳಲು ಚೆಂದ, ನನಗೂ ಬಹಳ ಇಷ್ಟ. ಆದರೆ ಹೆಬ್ಬೆರಳಿನ ಆ ಸಣ್ಣ ನಡಿಗೆ ಅಲ್ಲಿ ಗದ್ದಲಕ್ಕೆ ಸಿಕ್ಕಿದೆ.

ಆಮೇಲೆ ಶುರುವಾಯಿತು ನೋಡಿ ಜಾತ್ರೆ. 1962ರ ಕೊನೆಯಲ್ಲಿ ಅಮೆರಿಕದಲ್ಲಿ ಬೊಸಾ ನೋವಾ ಹೆಸರಿಲ್ಲದ ರೆಕಾರ್ಡ್ ಮಾರಾಟವಾಗದು ಅನ್ನುವ ಹಾಗಾಯಿತು. ಕೋಲ್ಮನ್ ಹಾಕಿನ್ಸ್, ಕ್ವಿನ್ಸಿ ಜೋನ್ಸ್, ಕ್ಯಾನನ್‌ಬಾಲ್ ಆಡರ್ಲಿ, ಎಲ್ಲರದ್ದೂ ಒಂದೊಂದು. ಮರುವರ್ಷ ಎಲ್ವಿಸ್ ಪ್ರೀಸ್ಲಿ ಕೂಡ ಹಾಡಿದ. ಅವನ ಹಾಡಿನಲ್ಲಿ ಬೊಸಾ ನೋವಾ ಇರುವುದು ಪದಗಳಲ್ಲಿ ಮಾತ್ರ. ಬ್ರೆಜಿಲ್‌ನಲ್ಲಿ ಕೂತು ಕೇಳುವ ಸಂಗೀತಕ್ಕೆ ಅಮೆರಿಕದಲ್ಲಿ ಕುಣಿತದ ಹೆಜ್ಜೆ ಕೂಡ ಹೊಂದಿಸಿಬಿಟ್ಟರು!

ಇದರ ನಡುವೆ ಮೂಲದವರನ್ನೇ ಕರೆಸಿದರೆ ಹೇಗೆ ಅಂತ ಒಬ್ಬ ರೆಕಾರ್ಡ್ ಕಂಪನಿಯವನಿಗೆ ಹೊಳೆಯಿತು. ಬ್ರೆಜಿಲ್ ವಿದೇಶಾಂಗ ಇಲಾಖೆ ಕೈಜೋಡಿಸಿತು. 1962ರ ನವೆಂಬರ್ 21, ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಹೊರಗೆ ಮಳೆ, ಒಳಗೆ ಕಿಕ್ಕಿರಿದ ಜನ. ವೇದಿಕೆ ಮೇಲೆ ಮೈಕುಗಳ ಕಾಡು. ಅಷ್ಟೂ ರೆಕಾರ್ಡಿಂಗ್‌ಗಾಗಿ ಇಟ್ಟದ್ದು, ಸಭಾಂಗಣದಲ್ಲಿ ಕೂತವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪಿಸುಮಾತಿನ ಸಂಗೀತಕ್ಕೆ ಇದಕ್ಕಿಂತ ಕೆಟ್ಟ ಏರ್ಪಾಡು ಬೇಕೆ? ಅಷ್ಟು ದೊಡ್ಡ ವೇದಿಕೆ ಕಾಣದ ಹುಡುಗರೇ ಜಾಸ್ತಿ. ಒಬ್ಬ ಸಾಲು ಮರೆತ. ಜಾಜ್‌ನಿಂದ ಸಾಂಬಾ ಕೆಟ್ಟಿತು ಅಂತ ಹಾಡು ಕಟ್ಟಿದ್ದ ಲೀರಾ ಜಾಜ್‌ನ ರಾಜಧಾನಿಯಲ್ಲಿ ನಿಂತು ಅದೇ ಹಾಡು ಹಾಡಿದ. ಇಡೀ ಸಂಜೆಯಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಅದು. ಮಾನ ಹೋಯಿತು ಅಂತ ಬ್ರೆಜಿಲ್ ಪತ್ರಿಕೆಗಳಲ್ಲಿ ಬರೆದವರಿದ್ದರು. ಆದರೆ ಕೆಲಸ ಆಗಿತ್ತು. ಜುವಾಂವ್, ಜೋಬಿಂ, ಇನ್ನೂ ಕೆಲವರು ನ್ಯೂಯಾರ್ಕಿನಲ್ಲೇ ಉಳಿದರು.

ಹಾಗೆ ಉಳಿದದ್ದರಿಂದಲೇ 1963ರ ಮಾರ್ಚ್ 18 ಮತ್ತು 19 ಸಾಧ್ಯವಾಯಿತು. ಅದೇ ಕ್ರೀಡ್ ಟೇಲರ್, ಅದೇ ಗೆಟ್ಜ್. ಆದರೆ ಈ ಸಲ ಗಿಟಾರ್ ಜುವಾಂವ್‌ನದು, ಪಿಯಾನೊ ಜೋಬಿಂನದು, ಡ್ರಮ್ ಮಿಲ್ಟನ್ ಬನಾನಾನದು. ಅಂದರೆ ನೆಲ ಪೂರ್ತಿ ಬ್ರೆಜಿಲ್‌ನದು, ಮೇಲೆ ಓಡಾಡುವ ಅತಿಥಿ ಒಬ್ಬ ಮಾತ್ರ ಅಮೆರಿಕದವನು. 'ಗೆಟ್ಜ್/ಜಿಲ್ಬೆರ್ಟೊ' ಅಷ್ಟು ಹಿತವಾಗಿ ಕೂತಿರುವುದು ಇದಕ್ಕೇ. ಒಳಗೆ ಮಾತ್ರ ಹಿತ ಇರಲಿಲ್ಲವಂತೆ. ಗೆಟ್ಜ್ ನುಡಿಸಿದ್ದು ಜುವಾಂವ್‌ಗೆ ಹಿಡಿಸಲಿಲ್ಲ. ಈ ಪರದೇಶಿ ದಡ್ಡ ಅಂತ ಅವನಿಗೆ ಹೇಳು ಅಂದನಂತೆ ಪೋರ್ಚುಗೀಸಿನಲ್ಲಿ. ಜೋಬಿಂ ಇಂಗ್ಲಿಷಿಗೆ ತಿರುಗಿಸಿದ್ದು, ನಿನ್ನ ಜೊತೆ ನುಡಿಸುವುದು ಇವನ ಬಹುದಿನದ ಕನಸಂತೆ, ಅಂತ. ಬ್ರೆಜಿಲ್‌ನಲ್ಲಿ ಬಾಯಿಂದ ಬಾಯಿಗೆ ಓಡಾಡುವ ಕಥೆ ಇದು. ಮಸಾಲೆ ಎಷ್ಟಿದೆಯೋ, ಕಥೆ ಮಾತ್ರ ಚೆನ್ನಾಗಿದೆ.

ಸ್ಟುಡಿಯೊದಲ್ಲಿ ಜುವಾಂವ್‌ನ ಹೆಂಡತಿ ಆಸ್ಟ್ರುಡ್ ಕೂಡ ಇದ್ದಳು. ವಯಸ್ಸು 22. ವೃತ್ತಿಗಾಯಕಿ ಅಲ್ಲ. ಆದರೆ ಅಲ್ಲಿದ್ದ ಬ್ರೆಜಿಲ್‌ನವರಲ್ಲಿ ಇಂಗ್ಲಿಷ್‌ನಲ್ಲಿ ಹಾಡಬಲ್ಲವಳು ಅವಳು. ಇಪನೇಮಾ ರಿಯೊದ ಒಂದು ಕಡಲತೀರ. 'ಇಪನೇಮಾದ ಹುಡುಗಿ' ಹಾಡಿನಲ್ಲಿ ಮೊದಲು ಜುವಾಂವ್ ಪೋರ್ಚುಗೀಸಿನಲ್ಲಿ ಹಾಡುತ್ತಾನೆ, ಆಮೇಲೆ ಅವಳು ಇಂಗ್ಲಿಷಿನಲ್ಲಿ. ಮೂಲದಲ್ಲಿ ಹಾಡುವವನು ಗಂಡಸು. ಹುಡುಗಿ ನನ್ನತ್ತ ನೋಡುವುದೇ ಇಲ್ಲ ಅನ್ನಬೇಕು. ಇಲ್ಲಿ ಹಾಡುತ್ತಿರುವುದು ಹೆಣ್ಣು, ಅದಕ್ಕೆ 'ನನ್ನತ್ತ' ಅನ್ನುವುದು 'ಅವನತ್ತ' ಆಯಿತು. ಪ್ರಾಸಕ್ಕಾಗಿ ಅದೂ ಇಂಗ್ಲಿಷ್ ವ್ಯಾಕರಣಕ್ಕೆ ತಪ್ಪಾದ ರೂಪದಲ್ಲಿ! ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಆ ನಿರ್ಲಿಪ್ತ, ಸಪಾಟು ದನಿಗೆ ಜಗತ್ತು ಮನಸೋತಿತು.

ಟೇಪು ಸುಮಾರು ಒಂದು ವರ್ಷ ಕಪಾಟಿನಲ್ಲಿ ಕೂತಿತ್ತು. 1964ರಲ್ಲಿ ಹೊರಬಂದಾಗ ರೇಡಿಯೊಗಾಗಿ ಐದು ನಿಮಿಷದ ಹಾಡಿಗೆ ಕತ್ತರಿ ಹಾಕಿದರು. ಕತ್ತರಿಸಿದ ಭಾಗ ಯಾವುದು ಗೊತ್ತಾ? ಜುವಾಂವ್ ಹಾಡಿದ ಭಾಗ. ಬೊಸಾ ನೋವಾವನ್ನು ಬಚ್ಚಲುಮನೆಯಲ್ಲಿ ಕೂತು ಕಟ್ಟಿದವನ ದನಿಯೇ ಅದರ ಅತಿ ಪ್ರಸಿದ್ಧ ಸಿಂಗಲ್‌ನಲ್ಲಿ (ಬಿಡಿ ಹಾಡಿನ ರೆಕಾರ್ಡಿನಲ್ಲಿ) ಇಲ್ಲ. ಆ ಸಿಂಗಲ್ ಅಮೆರಿಕದಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಆಲ್ಬಮ್ 2ನೇ ಸ್ಥಾನದಲ್ಲಿ ನಿಂತಿತು, ಮೇಲಿದ್ದವರು ಬೀಟಲ್ಸ್. 1965ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂತು. ಜಾಜ್ ಆಲ್ಬಮ್ ಒಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆಸ್ಟ್ರುಡ್‌ಗೆ ಆ ಹಾಡಿಗೆ ಸಿಕ್ಕ ಪಗಾರ 120 ಡಾಲರ್ ಅಂತ ಹೇಳುತ್ತಾರೆ.

ಅದೇ 1964ರಲ್ಲಿ, ಮಾರ್ಚ್ ಮುಗಿದು ಏಪ್ರಿಲ್ ಹುಟ್ಟುವ ಹೊತ್ತಿಗೆ ಬ್ರೆಜಿಲ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. 21 ವರ್ಷ ಬಿಡಲಿಲ್ಲ. ಜಗತ್ತು ಬ್ರೆಜಿಲ್ ಅಂದರೆ ಬಿಸಿಲು, ಕಡಲು, ಹುಡುಗಿ ಅಂತ ಕೇಳುತ್ತಿರುವಾಗ ಅಲ್ಲಿನ ಹಾಡುಗಾರರಿಗೆ ಕಡಲ ಹಾಡು ಬಾಯಿಗೆ ಬರುತ್ತಿರಲಿಲ್ಲ. ಯಾರ ಮನೆಯ ಪಡಸಾಲೆಯಲ್ಲಿ ಬೊಸಾ ನೋವಾ ಹುಡುಗರು ಸೇರುತ್ತಿದ್ದರೋ ಆ ನಾರಾ ಲಿಯಾವ್ ಅದೇ ವರ್ಷ ಪ್ರತಿಭಟನೆಯ ಹಾಡುಗಳತ್ತ ತಿರುಗಿದಳು. ವಿನೀಸಿಯಸ್‌ನನ್ನು ಮುಂದೆ ಸೇನಾ ಸರ್ಕಾರ ವಿದೇಶಾಂಗ ಸೇವೆಯಿಂದ ಹೊರಹಾಕಿತು. ತೀರಿಹೋಗಿ 30 ವರ್ಷವಾದ ಮೇಲೆ, 2010ರಲ್ಲಿ, ರಾಯಭಾರಿ ಅಂತ ಬಡ್ತಿ ಕೊಟ್ಟರು. ಸರ್ಕಾರಿ ಕೆಲಸ, ಎಲ್ಲ ಕಡೆ ಹೀಗೇ!

ಊರಿನಲ್ಲಿ ತಣ್ಣಗಾದದ್ದು ಹೊರಗೆ ಬೆಚ್ಚಗಿತ್ತು. 1966ರಲ್ಲಿ ಸೆರ್ಜಿಯೊ ಮೆಂಡೆಸ್ ಕ್ಯಾಲಿಫೋರ್ನಿಯಾದಲ್ಲಿ ಕೂತು 'ಬ್ರೆಜಿಲ್ 66' ತಂಡದಿಂದ ಪಾಪ್ ರೂಪ ಕೊಟ್ಟ. 1967ರಲ್ಲಿ ಫ್ರ್ಯಾಂಕ್ ಸಿನಾತ್ರಾ ಜೋಬಿಂ ಜೊತೆ ಇಡೀ ಆಲ್ಬಮ್ ಹಾಡಿದ. ಜೋರು ದನಿಗೆ ಹೆಸರಾದ ಸಿನಾತ್ರಾ ಅದರಲ್ಲಿ ಜುವಾಂವ್‌ನ ಪಾಠ ಒಪ್ಪಿಕೊಂಡ ವಿದ್ಯಾರ್ಥಿಯ ಹಾಗೆ ಮೆತ್ತಗೆ ಹಾಡುತ್ತಾನೆ. ನನ್ನ ಪ್ರಕಾರ ಅಮೆರಿಕನ್ನರು ಮಾಡಿದ ಬೊಸಾ ನೋವಾದಲ್ಲಿ ಇದೇ ಅತ್ಯುತ್ತಮ.

ಜಪಾನಿನ ದಾರಿ ಬೇರೆ. ಸದಾವೊ ವತನಾಬೆ ಎಂಬ ಸ್ಯಾಕ್ಸೊಫೋನ್ ವಾದಕ 1962ರಲ್ಲಿ ಓದಲು ಅಮೆರಿಕಕ್ಕೆ ಹೋದ. ಸರಿಯಾಗಿ ಜಾತ್ರೆಯ ಕಾಲ. ಅಲ್ಲೇ ಇದನ್ನು ಹಚ್ಚಿಕೊಂಡು ಊರಿಗೆ ತಂದ. ಜಪಾನೀಯರು ಹಿಡಿದದ್ದನ್ನು ಸುಲಭಕ್ಕೆ ಬಿಡುವವರಲ್ಲ. ಜುವಾಂವ್ 72ರ ವಯಸ್ಸಿನಲ್ಲಿ ಟೋಕಿಯೊದಲ್ಲಿ ಹಾಡಿದ ಕಛೇರಿ ಆಲ್ಬಮ್ ಆಗಿ ಬಂದಿದೆ, ಕೇಳಿ. ಅಷ್ಟು ಜನ ಅಷ್ಟು ಸದ್ದಿಲ್ಲದೆ ಕೂತಿರುವುದೇ ಒಂದು ಅನುಭವ. ಇನ್ನು 1960ರ ದಶಕದಲ್ಲಿ ಜಪಾನಿನ ಕಂಪನಿಗಳು ಆರ್ಗನ್ ಪಕ್ಕ ಇಡುವ ರಿದಮ್ ಪೆಟ್ಟಿಗೆಗಳನ್ನು ಮಾಡತೊಡಗಿದವು. ಆಗ ಹೋಟೆಲುಗಳಲ್ಲಿ ನುಡಿಸುವವರಿಗೆ ಬೇಕಾಗಿದ್ದ ತಾಳಗಳೇ ಗುಂಡಿಗಳಾದವು: ವಾಲ್ಟ್ಜ್, ರುಂಬಾ, ಬೊಸಾ ನೋವಾ. ಆ ಪಟ್ಟಿಯೇ ಬಳುವಳಿಯಾಗಿ ಮನೆಯ ಕೀಬೋರ್ಡುಗಳಿಗೂ ಬಂತು. ನಿಮ್ಮ ಗುಂಡಿಯ ವಂಶಾವಳಿ ಇದು.

ಆ ಗುಂಡಿ ಒತ್ತಿದಾಗ ಟಕ್ ಟಕ್ ಅಂತ ಕೇಳುವ ಪೆಟ್ಟನ್ನು ಎಣಿಸಿ. 16 ಸಣ್ಣ ಮಾತ್ರೆಗಳನ್ನು 3, 3, 4, 3, 3 ಅಂತ ಒಡೆದಿರುತ್ತಾರೆ. ಡ್ರಮ್ಮಿನ ಅಂಚಿಗೆ ಕೋಲು ತಾಗಿಸಿ ಹೊಡೆಯುವ ಸದ್ದು ಅದು. ತಪ್ಪೇನಲ್ಲ. ಆದರೆ ಪೆಟ್ಟಿಗೆ ಅದನ್ನೇ ಕೊನೆತನಕ ಹೊಡೆಯುತ್ತದೆ. ಜುವಾಂವ್‌ನ ಬೆರಳು ಹಾಗೆ ಒಂದೇ ಅಚ್ಚಿನಲ್ಲಿ ಇರುವುದಿಲ್ಲ, ಸಾಲು ಹೇಗೆ ಹೊರಟಿತೋ ಹಾಗೆ ಹೊರಳುತ್ತದೆ. ಮುಂದಿನ ಸಲ ನಿಧಾನದ ಹಾಡು ಬಂದಾಗ ಡ್ರಮ್ ಪೂರ್ತಿ ಬಂದ್ ಮಾಡಿ ನೋಡಿ. ಎಡಗೈಯಲ್ಲಿ ಬಾಸ್ ಒಂದು, ಎರಡು, ಒಂದು, ಎರಡು ಅಂತ ನಡೆಯಲಿ. ಎರಡರ ಮೇಲೆ ಸ್ವಲ್ಪ ಭಾರ. ಬಲಗೈ ಕಾರ್ಡನ್ನು ಸಂದಿನಲ್ಲಿ ಇಡಿ, ಮೆತ್ತಗೆ. ಎಡಗೈ ಓಡದಿದ್ದರೆ ಅರ್ಧ ಬಂದ ಹಾಗೆ. ಮದುವೆಮನೆಯಲ್ಲಿ ಯಾರೋ ಬಂದು ಸೌಂಡ್ ಜಾಸ್ತಿ ಮಾಡಿ ಅನ್ನುತ್ತಾರೆ, ನನಗೂ ಒಂದು ಹೋಟೆಲಿನಲ್ಲಿ ವಾರಗಟ್ಟಲೆ ಅಂದಿದ್ದಾರೆ. ಹಾಗಾಗಿ ಮೊದಲು ಮನೆಯಲ್ಲಿ ಮಾಡಿ. ಹಾಡಿಕೊಂಡು ನೋಡುವುದಾದರೆ ಬಚ್ಚಲುಮನೆಯೇ ಒಳ್ಳೆಯದು. ಕೀಬೋರ್ಡ್ ಮಾತ್ರ ಹೊರಗೆ ಇಡಿ.